ದೂಳಿನ ಸರದಿ

ನವೆಂಬರ್ ೨೦

ತಮ್ಮನಿಗೆ,

ಮೊನ್ನೆ ನವೆಂಬರ್ ಹದಿನೆಂಟರ ಮಧ್ಯಾಹ್ನ, ಪುಟ್ಟಿಯ ಸಾವಿಗೆ ಮಿಲ್ಲಿನ ಡಾಕ್ಟರು ನಮ್ಮ ಅಪ್ಪ ಅಮ್ಮನನ್ನು ಹೊಣೆ ಮಾಡಿದರು. ನಮ್ಮ ತಂಗಿ ಹೋಗಿ ಆಗ ಒಂಬತ್ತು ದಿನ. ಅಪ್ಪ ಅಮ್ಮ ಹೋಗಿ ಎಷ್ಟೋ ವರ್ಷವಾಯಿತು, ಎದ್ದು ಬಂದು ಮಾತಾಡಲಾರರು. ಆರೋಪಿಯನ್ನು ಆರಿಸುವುದರಲ್ಲಿ ಡಾಕ್ಟರು ಜಾಣರು.

ಮಿಲ್ಲಿನ ಊಟದ ಮನೆಯಲ್ಲಿ ಸಭೆ ಸೇರಿಸಿದ್ದರು. ಕಾರ್ಡಿಂಗ್ ವಿಭಾಗದವರೆಲ್ಲ ಇದ್ದರು. ನೀನು ಎಂಟನೇ ವಯಸ್ಸಿಗೇ ಅತ್ತೆಯ ಮನೆ ಸೇರಿದವನು, ನಿನಗೆ ನೆನಪಿರಲಿಕ್ಕಿಲ್ಲ: ಕಾರ್ಡಿಂಗ್ ಎಂದರೆ ಹತ್ತಿಯನ್ನು ಹಿಂಜಿ ಎಳೆ ಮಾಡುವ ಕೋಣೆ. ಅಪ್ಪ ನಿಂತದ್ದು ಅಲ್ಲೇ, ಪುಟ್ಟಿ ಇಪ್ಪತ್ತೆರಡು ವರ್ಷ ನಿಂತದ್ದೂ ಅಲ್ಲೇ. ಅಲ್ಲಿಂದ ಎದ್ದು ಬಂದವರ ತಲೆಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ಜೂಲು. ಇಪ್ಪತ್ತರ ಹುಡುಗಿಯರೂ ಮುದುಕಿಯರಂತೆ ಕಾಣುತ್ತಾರೆ.

ಡಾಕ್ಟರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಇದು ದೂಳಿನ ಕಾಯಿಲೆ ಅಲ್ಲಮ್ಮ, ವಂಶದ ಕಾಯಿಲೆ. ಶ್ವಾಸಕೋಶ ಕಾಯೋ ಒಂದು ಪ್ರೋಟೀನು ಆಕೆ ರಕ್ತದಲ್ಲೇ ಕಮ್ಮಿ ಇತ್ತು. ಹುಟ್ಟುವಾಗಲೇ ತಂದದ್ದು. ಸಾಕ್ಷಿ ಬೇಕಾ? ಮಿಲ್ಲಿಗೆ ಕಾಲೇ ಇಡದ, ಸಿಗರೇಟು ಮುಟ್ಟದ ಆಕೆ ಅಣ್ಣನಿಗೂ ಇದೇ ಕಾಯಿಲೆ ಇದೆ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ಮುಖಗಳಲ್ಲಿ ಕನಿಕರವಿತ್ತು, ಅದರ ಹಿಂದೆಯೇ ಒಂದು ನೆಮ್ಮದಿಯೂ ಇತ್ತು. "ಪಾಪ, ಅವರ ವಂಶದ್ದಂತೆ." ತಮ್ಮ ವಂಶ ಬೇರೆ ಎಂಬ ನೆಮ್ಮದಿ ಅದು.

ಈ ಊರಿನ ಲೈಬ್ರರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತವಳು ನಾನು. ಜನ ಮರೆತದ್ದನ್ನೆಲ್ಲ ಎತ್ತಿಡುವುದೇ ನನ್ನ ಕೆಲಸ. ಅಪ್ಪನ ಕಾಲದಲ್ಲಿ ಗಂಡಸರು ಕೆಮ್ಮಿದಾಗ ಆಗಿನ ಡಾಕ್ಟರು, "ಸರಿಯಾಗಿ ಊಟ ಮಾಡಲ್ಲ" ಎಂದರು. ಮನೆಮನೆಗೆ ಹಾಲು ಹಂಚಿದರು, ಕೆಮ್ಮು ನಿಲ್ಲಲಿಲ್ಲ. ಆಮೇಲೆ, "ಸೇದ್ತಾರೆ" ಎಂದರು. ಸೇದದ ಹೆಂಗಸರು ಕೆಮ್ಮತೊಡಗಿದರು. ಈಗ ಹೆತ್ತವರ ಮೇಲೆ ಬಂದಿದೆ. ಊಟದ ಸರದಿ ಆಯಿತು, ಸಿಗರೇಟಿನ ಸರದಿ ಆಯಿತು, ಅಪ್ಪ ಅಮ್ಮನ ಸರದಿಯೂ ಆಯಿತು. ದೂಳಿನ ಸರದಿ ಮಾತ್ರ ಬರಲೇ ಇಲ್ಲ. ದೂಳು ಹೀರುವ ಕೊಳವೆಗಳನ್ನು ರಿಪೇರಿಗೆಂದು ಬಿಚ್ಚಿದ್ದು ಪುಟ್ಟಿ ಕೆಲಸಕ್ಕೆ ಸೇರಿದ ಮರುವರ್ಷ. ರಿಪೇರಿ ಇನ್ನೂ ಮುಗಿದಿಲ್ಲ.

ನಿನಗೆ ಕಾಯಿಲೆ ಇರುವುದು ಒಡಹುಟ್ಟಿದ ನನಗೆ ಗೊತ್ತಿಲ್ಲ, ಮಿಲ್ಲಿನ ಡಾಕ್ಟರಿಗೆ ಗೊತ್ತು. ಅದು ಹೇಗೆ? ಅವರ ಆ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ನೀನೇ ಬರೆ. ನಾನು ಊಹಿಸಲು ಹೋಗುವುದಿಲ್ಲ. ತಂಗಿಯ ಮುಖ ನೋಡಲು ನೀನು ಬರಲಿಲ್ಲ, ಬಸ್ಸು ಸಿಗಲಿಲ್ಲ ಎಂದೆ. ಅದನ್ನೂ ಊಹಿಸಲು ಹೋಗುವುದಿಲ್ಲ.

ಅಕ್ಕ

*

ಡಿಸೆಂಬರ್ ೪

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ತಲುಪಿತು. ಒಡೆಯುವ ಮೊದಲೇ ಬೈಗುಳದ ತೂಕ ಗೊತ್ತಾಯಿತು.

ನನ್ನ ಆರೋಗ್ಯದ ಬಗ್ಗೆ ಯೋಚಿಸಬೇಡ. ಚಳಿಗೆ ಸ್ವಲ್ಪ ಏದುಸಿರು, ಅಷ್ಟೆ. ಮೂಗಿಗೆ ಹಿಡಿದು ಗುಂಡಿ ಒತ್ತಿದರೆ ಔಷಧದ ಮಂಜು ಬಿಡುವ, ಹಸಿರು ಮುಚ್ಚಳದ ಒಂದು ಯಂತ್ರವಿದೆ. ನನ್ನವಳು ಅದಕ್ಕೆ 'ಸವತಿ' ಎಂದು ಹೆಸರಿಟ್ಟಿದ್ದಾಳೆ, ನಾನು ಅದರ ಜೊತೆಗೇ ಜಾಸ್ತಿ ಹೊತ್ತು ಕೂರುತ್ತೇನಂತೆ. ಗಡಿಯಾರ ರಿಪೇರಿಯವನ ಅಂಗಡಿ ಎಷ್ಟು ಚೊಕ್ಕಟ ಎಂದು ನಿನಗೆ ಗೊತ್ತಲ್ಲ. ಒಂದು ಕಣ ದೂಳು ಬಿದ್ದರೆ ಗಡಿಯಾರ ನಿಲ್ಲುತ್ತದೆ. ಅಂಥ ಜಾಗದಲ್ಲಿ ಕೂತವನಿಗೂ ಉಸಿರು ಕಟ್ಟಿದರೆ ಅದು ರಕ್ತದ್ದೇ ಇರಬಹುದಲ್ಲ. ಅಪ್ಪನೂ ಏದುತ್ತಿದ್ದರು ಎಂದು ಅತ್ತೆ ಹೇಳುತ್ತಿದ್ದರು.

ಡಾಕ್ಟರುಗಳಿಗೆ ಹೇಗೋ ವಿಷಯ ಗೊತ್ತಾಗುತ್ತದೆ. ಅವರ ಜೊತೆ ಜಗಳ ಬೇಡ. ಪುಟ್ಟಿ ತಿರುಗಿ ಬರುವುದಿಲ್ಲ.

ಅವಳ ಮಗಳಿಗೆ ಒಂದು ಕೈಗಡಿಯಾರ ಕಳಿಸುತ್ತಿದ್ದೇನೆ. ದಿನಾ ಕೀಲಿ ಕೊಡಲು ಹೇಳು.

ತಮ್ಮ

*

ಡಿಸೆಂಬರ್ ೧೫

ತಮ್ಮನಿಗೆ,

ಗಡಿಯಾರ ಬಂತು. ಉತ್ತರ ಬರಲಿಲ್ಲ.

ಅಪ್ಪ ಏದುತ್ತಿದ್ದರು, ನಿಜ. ಅತ್ತೆ ಅರ್ಧ ಹೇಳಿದ್ದಾರೆ. ಅಪ್ಪ ಸೋಮವಾರ ಹೆಚ್ಚು ಏದುತ್ತಿದ್ದರು. ಇಲ್ಲಿನವರು ಅದಕ್ಕೆ 'ಸೋಮವಾರದ ಎದೆ' ಎನ್ನುತ್ತಾರೆ. ಭಾನುವಾರ ರಜೆ ಕಳೆದು ಮತ್ತೆ ದೂಳಿಗೆ ಹೋದ ದಿನ ಎದೆ ಬಿಗಿದುಕೊಳ್ಳುತ್ತದೆ, ವಾರ ಕಳೆದಂತೆ ಸಡಿಲವಾಗುತ್ತದೆ. ವಂಶಕ್ಕೆ ವಾರ ಗೊತ್ತೇನೋ? ರಕ್ತ ಭಾನುವಾರ ರಜೆ ತೆಗೆದುಕೊಳ್ಳುತ್ತದೆಯೇ? ಮಿಲ್ಲಿನಲ್ಲಿ ವರ್ಷಕ್ಕೊಮ್ಮೆ ನಳಿಗೆ ಊದಿಸಿ ಉಸಿರು ಅಳೆಯುತ್ತಾರೆ, ಯಾವಾಗಲೂ ಎದೆ ಸಡಿಲವಾಗಿರುವ ಶನಿವಾರ ಸಂಜೆಯೇ. ಊದಿದವರು ಬೇಗ ಮನೆಗೆ ಹೋಗಬಹುದು, ಹಾಗಾಗಿ ಶನಿವಾರವೇ ಇರಲಿ ಎಂದು ಜನರೇ ಕೇಳಿಕೊಂಡು ಸಹಿ ಹಾಕಿದರು. ಅಪ್ಪನದೇ ಮೊದಲ ಸಹಿ. ನಮ್ಮ ಜನಕ್ಕೆ ಅರ್ಧ ಗಂಟೆ ಮುಂಚೆ ಬಿಟ್ಟರೆ ಸಾಕು, ತಮ್ಮ ಶ್ವಾಸಕೋಶವನ್ನೇ ಬರೆದುಕೊಡುತ್ತಾರೆ.

ಸೋಮವಾರ ಡಾಕ್ಟರ ಕೋಣೆಗೆ ಹೋಗಿದ್ದೆ. ಮೇಜಿನ ಗಾಜನ್ನು ಕರವಸ್ತ್ರದಿಂದ ಒರೆಸುತ್ತಿದ್ದರು.

"ಬನ್ನಿ ಲೈಬ್ರರಿಯಮ್ಮ. ನೀವು ಓದಿದೋರು. ಅನುವಂಶೀಯತೆ ಅಂದ್ರೆ ಏನು ಅಂತ ನಿಮಗೂ ಬಿಡಿಸಿ ಹೇಳ್ಬೇಕಾ?"

"ಬೇಡಿ. ಈಗ ಒರೆಸ್ತಾ ಇದ್ದೀರಲ್ಲ, ಅದು ಏನು ಅಂತ ಹೇಳಿದ್ರೆ ಸಾಕು."

ನಕ್ಕರು. ಆಮೇಲೆ ಹೇಳಿದ್ದು ಕೇಳು. "ನಿಮ್ಮ ತಂಗಿ ಮಗಳ ರಕ್ತ ನೋಡಿದ್ದೀನಿ. ಚಿನ್ನದಂಥ ರಕ್ತ, ಎಲ್ಲಾ ತಂದೆ ಕಡೇದು. ಮಾರ್ಚ್ ಒಂದಕ್ಕೆ ಕಾರ್ಡಿಂಗ್‌ಗೆ ತಗೊಳ್ತೀವಿ. ಇನ್ಮೇಲೆ ಯಾರನ್ನೇ ತಗೊಂಡ್ರೂ ರಕ್ತ ನೋಡೇ."

"ದೂಳು ಹೀರೋ ಕೊಳವೆ?"

"ರಕ್ತ ಚೆನ್ನಾಗಿದ್ದೋರಿಗೆ ಕೊಳವೆ ಯಾಕಮ್ಮಾ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇವರು ದೂಳು ಗುಡಿಸುವ ಬದಲು ದೂಳಿಗೆ ತಕ್ಕ ಮನುಷ್ಯರನ್ನು ಹುಡುಕಲು ಹೊರಟಿದ್ದಾರೆ.

ಹುಡುಗಿ ಮನೆಗೆ ಬಂದು, "ದೊಡ್ಡಮ್ಮಾ, ನನ್ನ ರಕ್ತ ಪಾಸಾಯ್ತು" ಎಂದಳು, ಪರೀಕ್ಷೆ ಪಾಸಾದವಳ ಹಾಗೆ. ಮನೆಯಲ್ಲಿ ಒಬ್ಬರಾದರೂ ಮಿಲ್ಲಿಗೆ ಹೋಗದಿದ್ದರೆ ಅವರು ಮಿಲ್ಲು ಕೊಟ್ಟ ಕ್ವಾರ್ಟರ್ಸ್ ಬಿಡಬೇಕು. ನನ್ನ ಕೋಣೆಗೆ ಬಂದಿರು ಎಂದರೆ, "ನಿಮ್ಮ ಪುಸ್ತಕಗಳನ್ನ ಎಲ್ಲಿ ಮಲಗಿಸ್ತೀರಾ?" ಎನ್ನುತ್ತಾಳೆ. ಅವಳ ತಾಯಿಯನ್ನು ನಿಲ್ಲಿಸಿದ ಯಂತ್ರದ ಮುಂದೆಯೇ ಅವಳನ್ನೂ ನಿಲ್ಲಿಸುತ್ತಾರೆ. ಅದಕ್ಕೆ ಅವರ ಕೈಯಲ್ಲಿರುವ ಪರವಾನಗಿ ಒಂದೇ, "ಆಕೆ ಅಣ್ಣನಿಗೂ ಇದೆ" ಎಂಬ ಮಾತು. ಆ ಮಾತು ನಿನ್ನದು.

ಹಸಿರು ಮುಚ್ಚಳದ ಯಂತ್ರ ಎಂದು ಬರೆದಿದ್ದೀಯ. ಅಂಥದ್ದೇ ಪುಟ್ಟಿಯ ತಲೆದೆಸೆಯಲ್ಲೂ ಇತ್ತು. ಅದನ್ನು ಕೊಡುವುದು ಮಿಲ್ಲಿನ ದವಾಖಾನೆ. ನಿನಗೆ ಹೇಗೆ ಬಂತು? ಏನು ಕೊಟ್ಟದ್ದಕ್ಕೆ ಬಂತು? ಫೋನು ಮಾಡಿದರೆ ಮೂರು ಮಾತಿಗೆ ಇಟ್ಟುಬಿಡುತ್ತೀ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಕುಂಬಳಕಾಯಿ ಎನ್ನುವ ಮೊದಲೇ ನಿನ್ನ ಕೈ ಹೆಗಲ ಮೇಲಿದೆ.

ನಾನು ದೊಡ್ಡಾಸ್ಪತ್ರೆಗೆ ಹೋಗಿ ನನ್ನ ರಕ್ತವನ್ನೂ ಕೊಟ್ಟು ಬಂದಿದ್ದೇನೆ. ಮಿಲ್ಲಿನ ನೆರಳು ಬೀಳದ ಆಸ್ಪತ್ರೆ ಅದು.

ಅಕ್ಕ

*

ಜನವರಿ ೮

ಮೌನ ಸಮ್ಮತಿಯ ಲಕ್ಷಣ ಎನ್ನುತ್ತಾರೆ. ನಿನ್ನ ಮೌನ ಯಾರಿಗೆ ಕೊಟ್ಟ ಸಮ್ಮತಿ ಎಂಬುದಷ್ಟೇ ನನಗೆ ತಿಳಿಯಬೇಕಾದದ್ದು.

ಅಕ್ಕ

*

ಜನವರಿ ೨೦

ಅಕ್ಕಾ,

ಬರೆಯಲು ಇಷ್ಟು ದಿನ ಹಿಡಿದದ್ದು ಸೊಕ್ಕಿನಿಂದಲ್ಲ. ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಫೋನು ಇಡುತ್ತೇನೆ ಎನ್ನುತ್ತೀಯಲ್ಲ, ಮೂರು ಮಾತಾಡುವಷ್ಟೇ ಉಸಿರಿರುವುದು. ನಾಲ್ಕನೆಯದಕ್ಕೆ ಕೆಮ್ಮು ಬರುತ್ತದೆ, ನಿನಗೆ ಕೇಳಿಸಬಾರದೆಂದು ಇಡುತ್ತೇನೆ. ಪುಟ್ಟಿ ಹೋದಾಗ ಬಸ್ಸು ಸಿಕ್ಕಿತ್ತು. ಬಸ್ ನಿಲ್ದಾಣದ ಏರು ಹತ್ತಲಾಗದೆ ಅರ್ಧದಲ್ಲಿ ಕೂತೆ. ನನ್ನವಳು ವಾಪಸು ಕರೆದುಕೊಂಡು ಬಂದಳು.

ಇನ್ನೊಂದು ಮಾತು ಇದೆ. ನಿನ್ನ ಎದುರು ನಿಂತು ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸೇದುತ್ತೇನೆ. ಹತ್ತೊಂಬತ್ತನೇ ವಯಸ್ಸಿನಿಂದ. ಗಡಿಯಾರಗಳಿಗೆ ಬೂದಿ ತಾಗಬಾರದೆಂದು ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ, ಮನೆಯಲ್ಲಿ ಊಟವಾದ ಮೇಲೆ. ನೀನು ಬರುವಾಗೆಲ್ಲ ಏಲಕ್ಕಿ ಜಗಿದು ನಿಲ್ದಾಣಕ್ಕೆ ಬರುತ್ತಿದ್ದೆ. ಬೂದಿಯ ಬಟ್ಟಲು ತೊಳೆದು ಅದರಲ್ಲಿ ಬೀಗದ ಕೈ ಹಾಕಿಡುತ್ತಿದ್ದೆವು. ಐವತ್ತೆಂಟು ವರ್ಷದ ಗಂಡಸು ಅಕ್ಕನಿಗೆ ಹೆದರಿ ಹೀಗೆ ಮಾಡುತ್ತಾನೆಯೇ ಎಂದು ನನ್ನವಳು ನಗುತ್ತಾಳೆ. ಹೆದರಿಕೆಯಲ್ಲ, ಏನೆಂದು ಹೇಳಲಿ. ಅಪ್ಪ ಕಳಿಸಿಬಿಟ್ಟ ಮೇಲೆ ತಿಂಗಳು ತಪ್ಪದೆ ಕಾಗದ ಬರೆದವಳು ನೀನೊಬ್ಬಳೇ.

ಸೆಪ್ಟೆಂಬರಿನಲ್ಲಿ ಡಾಕ್ಟರು ನಮ್ಮ ಮನೆಗೆ ಬಂದರು. ಪುಟ್ಟಿಯೇ ವಿಳಾಸ ಕೊಟ್ಟಿದ್ದಳು. "ಅಣ್ಣನ ರಕ್ತ ಸಿಕ್ಕಿದ್ರೆ ನಿಮ್ಮ ಚಿಕಿತ್ಸೆಗೆ ದಾರಿ ಸಿಗುತ್ತೆ" ಎಂದಿದ್ದರಂತೆ. ಅಕ್ಕನಿಗೆ ಹೇಳಬೇಡ, ರಾದ್ಧಾಂತ ಮಾಡುತ್ತಾಳೆ ಎಂದು ಪುಟ್ಟಿ ಫೋನಿನಲ್ಲಿ ಕೇಳಿಕೊಂಡಳು. ತಂಗಿ ಬದುಕುತ್ತಾಳೆಂದರೆ ಒಂದು ಸೀಸೆ ರಕ್ತ ಏನು ಮಹಾ. ತೋಳು ಚಾಚಿದೆ.

ಆಮೇಲೆ ಕೇಳಿದರು: "ಸಿಗರೇಟು?"

ನಿಮ್ಮ ಊರಿನಿಂದ ಬಂದವರು, ನಾಳೆ ಲೈಬ್ರರಿಯ ಮುಂದೆ ಹಾದುಹೋಗುವವರು. ಬಾಯಿಗೆ ಬಂದದ್ದು ಒಂದೇ ಮಾತು. "ಇಲ್ಲ ಸಾರ್."

ನನ್ನ ಮುಖ ನೋಡಿದರು. "ಹಾಗಾದ್ರೆ ಸೇದಲ್ಲ ಅಂತ ಬರ್ಕೊಳ್ಳಲಾ?"

"ಬರ್ಕೊಳ್ಳಿ."

"ಒಳ್ಳೇದು. ಒಳ್ಳೇ ಅಭ್ಯಾಸ." ಹೀಗೆಂದು ನಕ್ಕು ಬರೆದುಕೊಂಡರು. ಹೋಗುವಾಗ ಆ ಯಂತ್ರ ಕೊಟ್ಟರು. ಅದು ಬೆಲೆಯಾಗಿತ್ತೇ? ಆಗ ಹಾಗನ್ನಿಸಲಿಲ್ಲ. ಈಗ ಗುಂಡಿ ಒತ್ತುವಾಗೆಲ್ಲ ಅನ್ನಿಸುತ್ತದೆ.

ಒಂದು ಸಂಗತಿ ನನ್ನನ್ನು ಮಲಗಲು ಬಿಡುತ್ತಿಲ್ಲ. ಅವರು ಬರೆದುಕೊಳ್ಳಲು ಮೇಜಿನ ಮೇಲೆ ಜಾಗವಿರಲಿಲ್ಲ. ಬೂದಿಯ ಬಟ್ಟಲು ಅಡ್ಡವಿತ್ತು, ಅದರಲ್ಲಿ ನಾನು ಆಗಷ್ಟೇ ಆರಿಸಿದ ತುಂಡು. ಅವರೇ ಬಟ್ಟಲನ್ನು ಎರಡು ಬೆರಳಿನಿಂದ ಆಚೆ ಸರಿಸಿ, ಆ ಜಾಗದಲ್ಲಿ ಕಾಗದ ಇಟ್ಟು, 'ಧೂಮಪಾನವಿಲ್ಲ' ಎಂದು ಬರೆದರು.

ನಿನಗೆ ಮುಖ ತೋರಿಸಲಾರದ
ತಮ್ಮ

*

ಜನವರಿ ೨೯

ಪ್ರೀತಿಯ ತಮ್ಮನಿಗೆ,

ನೀನು ಸೇದುವುದು ನನಗೆ ನಿನ್ನ ಮದುವೆಗೂ ಮೊದಲಿನಿಂದ ಗೊತ್ತು. ನನ್ನಿಂದ ಓದಲು ಒಯ್ದ ಪುಸ್ತಕಗಳನ್ನು ನೀನು ಹಿಂದಿರುಗಿಸಿದಾಗ ಹಾಳೆ ಬಿಡಿಸಿದರೆ ಹೊಗೆಯ ವಾಸನೆ. ಯಾವ ಅಧ್ಯಾಯ ನಿನ್ನನ್ನು ಕಾಡಿತು ಎಂಬುದನ್ನೂ ವಾಸನೆಯಿಂದ ಹೇಳುತ್ತಿದ್ದೆ. ಬೀಗದ ಕೈ ಹಾಕಿಡಲು ಅಂಚಿನಲ್ಲಿ ಸಿಗರೇಟು ಆನಿಸುವ ಮೂರು ಕಚ್ಚು ಇರುವ ಬಟ್ಟಲು ಎಲ್ಲಾದರೂ ಉಂಟೇ? ನೀನು ಮುಚ್ಚಿಟ್ಟೆ, ನಾನು ಕಾಣದವಳಂತೆ ಇದ್ದೆ. ಅದನ್ನು ನಾವಿಬ್ಬರೂ ಮರ್ಯಾದೆ ಎಂದುಕೊಂಡೆವು.

ಅದಕ್ಕೇ ಸಭೆಯಲ್ಲಿ "ಸಿಗರೇಟು ಮುಟ್ಟದ ಅಣ್ಣ" ಎಂದದ್ದು ಸುಳ್ಳೆಂದು ನನಗೆ ಅಲ್ಲೇ ಗೊತ್ತಾಯಿತು. ಮಿಲ್ಲು ನಿನ್ನನ್ನು ಕೊಂಡುಕೊಂಡಿದೆ ಎಂದೇ ತಿಳಿದೆ. ನನ್ನ ಮೇಲಿನ ಗೌರವಕ್ಕೆ ನೀನು ಸುಳ್ಳು ಹೇಳಿರಬಹುದು ಎಂಬುದು ಹೊಳೆಯಲೇ ಇಲ್ಲ. ನಿನ್ನ ಮೇಲೆ ಪಟ್ಟ ಅನುಮಾನವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದನ್ನು ಎಲ್ಲಿ ಇಡಬೇಕೋ ಅಲ್ಲಿ ಇಡುತ್ತೇನೆ, ಬಟ್ಟಲು ಸರಿಸಿದ ಆ ಎರಡು ಬೆರಳಿನ ಮೇಲೆ.

ನನ್ನ ರಕ್ತದ ಫಲಿತಾಂಶ ಬಂತು. ನಿನಗೂ ಪುಟ್ಟಿಗೂ ಏನು ಕೊರತೆಯೋ ನನಗೂ ಅದೇ ಕೊರತೆ. ದೊಡ್ಡಾಸ್ಪತ್ರೆಯ ಎದೆರೋಗದ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹಾಳೆ ನೋಡಿ ನನ್ನ ಮುಖ ನೋಡಿದಳು. "ಮೇಡಂ, ನೀವು ಮೂರು ಮಹಡಿ ಹತ್ತಿ ಬಂದ್ರಾ?"

"ಲಿಫ್ಟಿಗೆ ಸಾಲಿತ್ತಮ್ಮ."

"ಸೇದಿಲ್ಲ, ಮಿಲ್ಲಿಗೆ ಹೋಗಿಲ್ಲ, ಅಲ್ವಾ? ಅದೇ ನಿಮ್ಮನ್ನ ಉಳಿಸಿದ್ದು. ಈ ರಕ್ತ ಅಂದ್ರೆ ಬಾಗಿಲಿಗೆ ಚಿಲಕ ಇಲ್ಲದ ಮನೆ. ಕಳ್ಳ ಬರದಿದ್ರೆ ನೂರು ವರ್ಷ ನೆಮ್ಮದಿಯಾಗಿ ಇರಬಹುದು."

ಚಿಲಕವಿಲ್ಲದ ಮನೆಯಲ್ಲಿ ಹುಟ್ಟಿದವರು ನಾವು ಮೂವರು. ನಿನ್ನ ಮನೆಗೆ ಬಂದ ಕಳ್ಳನನ್ನು ನೀನೇ ಕರೆದೆ, ಸಿಗರೇಟು ಹಚ್ಚಿ. ಪುಟ್ಟಿಯ ಕಳ್ಳನಿಗೆ ದಿನಾ ಬೆಳಿಗ್ಗೆ ಮಿಲ್ಲಿನವರೇ ಸೈರನ್ ಹೊಡೆದು ಬಾಗಿಲು ತೆರೆದರು. ನನ್ನ ಮನೆಗೆ ಯಾರೂ ಬರಲಿಲ್ಲ, ನಾನು ಉಳಿದೆ. ರಕ್ತ ನಿರಪರಾಧಿ ಎಂದು ನಾನು ಹೇಳುವುದಿಲ್ಲ. ಅದೊಂದೇ ಅಪರಾಧಿ ಎಂಬುದು ಮಾತ್ರ ಹಸಿ ಸುಳ್ಳು.

ಇನ್ನೂ ಒಂದು ಕೇಳು. "ನನ್ನ ತಂಗಿಯ ಮಗಳ ರಕ್ತ ಚಿನ್ನದಂತಿದೆಯಂತೆ" ಎಂದೆ. ಅವಳು ಪೆನ್ನು ಕೆಳಗಿಟ್ಟಳು. "ತಾಯಿಗೆ ಹೆತ್ತವರಿಬ್ಬರಿಂದ ಬಂದ ಎರಡು ಪಾಲೂ ಕೆಟ್ಟಿದ್ರೆ ಮಗಳಿಗೆ ಆ ಕೆಟ್ಟ ಪಾಲು ಒಂದು ಬಂದೇ ಬರುತ್ತೆ. ಬರದೇ ಇರೋಕೆ ಸಾಧ್ಯವೇ ಇಲ್ಲ." ಅಂದರೆ ಸಭೆಯಲ್ಲಿ ಹೇಳಿದ ತಾಯಿಯ ರಕ್ತವಾದರೂ ಸುಳ್ಳು, ಕೋಣೆಯಲ್ಲಿ ಹೇಳಿದ ಮಗಳ ರಕ್ತವಾದರೂ ಸುಳ್ಳು.

ಹುಡುಗಿಗೆ ಎಲ್ಲ ಹೇಳಿದೆ. ನೀನು ಕೊಟ್ಟ ಗಡಿಯಾರಕ್ಕೆ ಕೀಲಿ ಕೊಡುತ್ತಾ ಕೇಳಿದಳು. ಆಮೇಲೆ, "ನಾನು ಹೋಗಲ್ಲ ಅಂತಾನೇ ಇಟ್ಕೊಳ್ಳಿ ದೊಡ್ಡಮ್ಮ. ನನ್ನ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ. ಅವಳ ದೊಡ್ಡಮ್ಮ ಲೈಬ್ರರಿಯಲ್ಲಿ ಇರಲ್ಲ" ಎಂದಳು. ನಮ್ಮ ಮನೆಯ ಹುಡುಗಿಯೊಬ್ಬಳನ್ನು ಎಳೆದುಕೊಂಡು ಬಾಗಿಲು ಹಾಕಿಕೊಳ್ಳಲು ಹೊರಟಿದ್ದ ನನಗೂ ಆ ಸಭೆಯಲ್ಲಿ ನೆಮ್ಮದಿಪಟ್ಟವರಿಗೂ ಏನು ವ್ಯತ್ಯಾಸ?

ಪತ್ರಿಕೆಗೆ ಬರೆಯುತ್ತೇನೆ. ನೀನು ಸೇದುವ ವಿಷಯ ಅದರಲ್ಲಿ ಬರಲೇಬೇಕು. ಊರೆಲ್ಲ ಓದುತ್ತದೆ. ಒಪ್ಪದಿದ್ದರೆ ಹೇಳು, ನಾನು ಬಲವಂತ ಮಾಡುವುದಿಲ್ಲ.

ಅಕ್ಕ

*

ಫೆಬ್ರವರಿ ೫

ಅಕ್ಕಾ,

ಬರೆ. ದೊಡ್ಡ ಅಕ್ಷರದಲ್ಲೇ ಹಾಕಿಸು. ನನ್ನವಳು ಬೂದಿಯ ಬಟ್ಟಲನ್ನು ತೊಳೆಯದೆ ಹಾಗೇ ಕಟ್ಟಿ ಕಳಿಸುತ್ತಿದ್ದಾಳೆ, ಸಾಕ್ಷಿಗೆ ಇರಲಿ ಎಂದು. ಸವತಿಯನ್ನೂ ಮಿಲ್ಲಿಗೆ ವಾಪಸು ಕಳಿಸಿದೆ. ಇಲ್ಲಿನ ಆಸ್ಪತ್ರೆಯವರು ಬೇರೆಯದು ಕೊಟ್ಟಿದ್ದಾರೆ. ಸಿಗರೇಟು ಬಿಟ್ಟು ಇವತ್ತಿಗೆ ಐದನೇ ದಿನ. ಇದನ್ನು ಮಾತ್ರ ಪತ್ರಿಕೆಯಲ್ಲಿ ಹಾಕಿಸಬೇಡ, ಮಾತು ತಪ್ಪಿದರೆ ನಾಚಿಕೆ.

ತಮ್ಮ

*

ಫೆಬ್ರವರಿ ೧೨

ಸಂಪಾದಕರಿಗೆ,

ಕಳೆದ ನವೆಂಬರ್ ಹದಿನೆಂಟರಂದು ನಮ್ಮೂರ ಮಿಲ್ಲಿನ ವೈದ್ಯರು, ಕಾರ್ಡಿಂಗ್ ವಿಭಾಗದಲ್ಲಿ ದುಡಿದು ತೀರಿಕೊಂಡ ನಮ್ಮ ತಂಗಿಯ ಕಾಯಿಲೆ ಕೇವಲ ವಂಶದ್ದು ಎಂದು ಸಭೆಯಲ್ಲಿ ಸಾರಿದರು. ಸಿಗರೇಟು ಮುಟ್ಟದ ಅಣ್ಣನಿಗೂ ಅದೇ ಕಾಯಿಲೆ ಇದೆ ಎಂಬುದು ಅವರು ಕೊಟ್ಟ ಸಾಕ್ಷಿ. ಆ ಅಣ್ಣ ಮೂವತ್ತೊಂಬತ್ತು ವರ್ಷ ಸಿಗರೇಟು ಸೇದಿದವನು. ಇಲ್ಲ ಎಂದದ್ದು ಅವನ ತಪ್ಪು, ಅಕ್ಕನ ಮೇಲಿನ ಸಂಕೋಚಕ್ಕೆ ಆಡಿದ ಮಾತು. ವೈದ್ಯರು ಬೂದಿಯ ಬಟ್ಟಲನ್ನು ತಮ್ಮ ಕೈಯಾರೆ ಸರಿಸಿ ಆ ಮಾತನ್ನು ಬರೆದುಕೊಂಡರು. ಬಟ್ಟಲು ನಮ್ಮಲ್ಲಿದೆ, ಬಂದು ನೋಡಬಹುದು.

ಒಂದೇ ರಕ್ತದ ಮೂವರಲ್ಲಿ ದೂಳು ಕುಡಿದವಳು ಸತ್ತಳು, ಹೊಗೆ ಕುಡಿದವನು ಏದುತ್ತಿದ್ದಾನೆ, ಎರಡನ್ನೂ ಕುಡಿಯದವಳು ಈ ಪತ್ರ ಬರೆಯುತ್ತಿದ್ದಾಳೆ. ನಮ್ಮ ರಕ್ತದ ಕೊರತೆಯನ್ನೂ ತಮ್ಮನ ಅಭ್ಯಾಸವನ್ನೂ ನಾವು ಊರ ಮುಂದೆ ಒಪ್ಪಿಕೊಂಡಿದ್ದೇವೆ. ನಮ್ಮ ಪಾಲು ಮುಗಿಯಿತು. ಉಳಿದದ್ದು ದೂಳಿನ ಪಾಲು.

ಬರುವ ಮಾರ್ಚ್ ಒಂದರಿಂದ ರಕ್ತ 'ಪಾಸಾದ' ಹುಡುಗಿಯರನ್ನು ಅದೇ ಕೋಣೆಗೆ ಕಳಿಸಲಿದ್ದಾರೆ. ನಮ್ಮ ತಂಗಿಯ ಮಗಳು ಅವರಲ್ಲಿ ಒಬ್ಬಳು. ದೂಳು ಹೀರುವ ಕೊಳವೆ ಬರುವವರೆಗೆ ಆ ಕೋಣೆಗೆ ಕಾಲಿಡುವುದಿಲ್ಲ ಎಂದು ಅವಳೂ ಅವಳ ಜೊತೆಯ ಹನ್ನೊಂದು ಮಂದಿಯೂ ಇದರ ಕೆಳಗೆ ಸಹಿ ಹಾಕಿದ್ದಾರೆ. ಶನಿವಾರದ ಉಸಿರಿನ ಪರೀಕ್ಷೆಗೆ ಮೊದಲ ಸಹಿ ಹಾಕಿದ್ದು ಇದೇ ಮನೆ. ಅದನ್ನು ಹಿಂದಕ್ಕೆ ಪಡೆಯುತ್ತಿರುವುದೂ ಇದೇ ಮನೆ.

ಮಿಲ್ಲಿನ ಆಡಳಿತದವರೂ ವೈದ್ಯರೂ ನಮ್ಮ ಮನೆಗೆ ಬಂದು ಸಮಾಧಾನ ಹೇಳುವುದು ಬೇಡ. ನಮ್ಮ ಅಪ್ಪ ಅಮ್ಮನ ಮೇಲೆ ತಪ್ಪು ಹೊರಿಸಿದ್ದು ಎಲ್ಲರ ಮುಂದೆ, ಊಟದ ಮನೆಯಲ್ಲಿ. ಉತ್ತರವನ್ನೂ ಅಲ್ಲೇ ಹೇಳಿ. ತಾಯಿಯನ್ನು ಕೊಂದ ರಕ್ತ ಮಗಳಲ್ಲಿ ಚಿನ್ನವಾದದ್ದು ಹೇಗೆ? ರಿಪೇರಿಗೆ ಹೋದ ಕೊಳವೆಗಳು ಎಲ್ಲಿವೆ? ಮಾರ್ಚ್ ಒಂದಕ್ಕೆ ಮುಂಚೆ, ಒಂದು ಸೋಮವಾರ ಬೆಳಿಗ್ಗೆ, ಕಾರ್ಡಿಂಗ್ ವಿಭಾಗದವರೆಲ್ಲರ ಎದುರು ಬಂದು ಹೇಳಿ. ನಾವು ಮುಂದಿನ ಸಾಲಿನಲ್ಲೇ ಕೂತಿರುತ್ತೇವೆ.